ಒಗ್ಗರಣೆ: ಒಂದು ಪದದ ಕಥೆ

ಪ್ರವೇಶ

ನಾವು ದಿನನಿತ್ಯ ಬಳಸುವ ಪದಗಳ ಅರ್ಥವನ್ನು ವಿಚಾರಿಸುವುದು ಅಪರೂಪ. ಕಠಿಣವಾದ ಪದ ಎದುರಾದರೆ ನಿಘಂಟನ್ನು ತೆರೆಯುತ್ತೇವೆ. ಅಡಿಗೆಯ ಮನೆಯ ಪದವನ್ನು ಮಾತ್ರ ಬಲ್ಲೆವೆಂದೇ ಭಾವಿಸುತ್ತೇವೆ. ಆದರೆ ಇಂತಹ ಪದಗಳಲ್ಲಿಯೇ ಒಂದು ನಾಡಿನ ಇತಿಹಾಸ, ವಿಜ್ಞಾನ, ಜೀವನಕ್ರಮಗಳು ಅಡಗಿರುತ್ತವೆ. ‘ಒಗ್ಗರಣೆ’ ಎಂಬ ಪದದ ಅರ್ಥ ಮತ್ತು ಬಳಕೆಗಳನ್ನು ಈ ಪಾಠದಲ್ಲಿ ಪರಿಶೀಲಿಸಲಾಗಿದೆ.

* * *

ಕನ್ನಡವನ್ನು ಹೊಸದಾಗಿ ಕಲಿಯುತ್ತಿರುವ ಪರನಾಡಿನ ಅತಿಥಿಯೊಬ್ಬರು ನಮ್ಮ ಮನೆಗೆ ಊಟಕ್ಕೆ ಬಂದಿದ್ದಾರೆಂದು ಭಾವಿಸೋಣ. ಎಲೆ ಹಾಕಿದೆ. ಅತಿಥಿಗಳು ಕುಳಿತಿದ್ದಾರೆ. “ಒಂದು ನಿಮಿಷ, ಸಾರಿಗೆ ಒಗ್ಗರಣೆ ಹಾಕಿ ತರುತ್ತೇನೆ” ಎಂದು ಮನೆಯಾಕೆ ಒಳಗೆ ಹೋಗುತ್ತಾಳೆ. ಒಳಗಿನಿಂದ ಚಟಪಟ ಎಂಬ ಸದ್ದು, ಅದರ ಹಿಂದೆಯೇ ‘ಚೊಯ್’ ಎಂಬ ಧ್ವನಿ, ಅನಂತರ ಮನೆಯನ್ನೆಲ್ಲ ತುಂಬುವ ಪರಿಮಳ. ಅತಿಥಿಗಳು ಕುತೂಹಲದಿಂದ, “ಒಗ್ಗರಣೆ ಎಂದರೇನು?” ಎಂದು ಕೇಳುತ್ತಾರೆ. ನಾವು ಏನೆಂದು ಉತ್ತರ ಕೊಡಬೇಕು?

‘ಮಸಾಲೆಯ ಪದಾರ್ಥಗಳ ಸತ್ವವನ್ನು ಹೀರಿಕೊಂಡ ಬಿಸಿ ಎಣ್ಣೆ’ ಎಂದು ಹೇಳಬಹುದು. ಈ ಉತ್ತರ ತಪ್ಪಲ್ಲ. ಆದರೆ ಪೂರ್ಣವೂ ಅಲ್ಲ. ಹಬ್ಬವೆಂದರೆ ಶಾಲೆಗೆ ರಜೆ ಇರುವ ದಿನ ಎಂದು ಹೇಳಿದರೆ ಎಷ್ಟು ಅರ್ಥವಾದೀತೋ ಇದರಿಂದಲೂ ಅಷ್ಟೇ ಅರ್ಥವಾದೀತು. ಪದದ ಅರ್ಥ ಅದರ ಬಳಕೆಯಲ್ಲಿದೆ. ಆದುದರಿಂದ ಮೊದಲು ಒಗ್ಗರಣೆಯ ಕ್ರಮವನ್ನು ನೋಡಬೇಕು.

ಸಣ್ಣ ಬಾಣಲೆಯಲ್ಲಿಯೋ ಕಬ್ಬಿಣದ ಸೌಟಿನಲ್ಲಿಯೋ ಒಂದೆರಡು ಚಮಚ ಎಣ್ಣೆಯನ್ನು ಕಾಯಿಸಬೇಕು. ಎಣ್ಣೆ ಚೆನ್ನಾಗಿ ಕಾದ ಮೇಲೆ ಮೊದಲು ಬೀಳುವುದು ಸಾಸಿವೆ. ಅದು ಚಟಪಟನೆ ಸಿಡಿದು ಸದ್ದು ಅಡಗುವ ವೇಳೆಗೆ ಉದ್ದಿನಬೇಳೆ ಅಥವಾ ಕಡಲೆಬೇಳೆ; ಬೇಳೆ ಹೊಂಬಣ್ಣಕ್ಕೆ ತಿರುಗಿದಾಗ ಮುರಿದ ಒಣಮೆಣಸಿನಕಾಯಿ; ಅನಂತರ ಒಂದು ಚಿಟಿಕೆ ಇಂಗು; ಕಟ್ಟಕಡೆಗೆ ಕರಿಬೇವಿನ ಎಸಳು. ಕೂಡಲೇ ಅದನ್ನು ಸಿದ್ಧವಾಗಿರುವ ಸಾರಿಗೋ ಹುಳಿಗೋ ಸುರಿದು ಪಾತ್ರೆಯ ಬಾಯಿ ಮುಚ್ಚಬೇಕು. ಇಷ್ಟಕ್ಕೆ ಬೇಕಾಗುವ ಕಾಲ ಒಂದೆರಡು ನಿಮಿಷ. ಆದರೆ ಈ ಕಾಲದಲ್ಲಿ ಕಣ್ಣು, ಕಿವಿ, ಮೂಗುಗಳೆಲ್ಲ ಎಚ್ಚರವಾಗಿರಬೇಕು. ಒಂದು ಕ್ಷಣ ಮೊದಲಾದರೆ ಹಸಿವಾಸನೆ. ಒಂದು ಕ್ಷಣ ತಡವಾದರೆ ಸೀದ ವಾಸನೆ. ಈ ಎರಡರ ನಡುವಣ ಸ್ಥಿತಿಗೆ ಕನ್ನಡದಲ್ಲಿ ‘ಹದ’ ಎಂದು ಹೆಸರು.

ಒಗ್ಗರಣೆ ಎಲ್ಲೆಡೆಯೂ ಒಂದೇ ಬಗೆಯದಲ್ಲ. ತಿಳಿಸಾರಿಗೆ ತುಪ್ಪ ಮತ್ತು ಜೀರಿಗೆಯ ಒಗ್ಗರಣೆ. ಬಸ್ಸಾರಿಗೆ ಬೆಳ್ಳುಳ್ಳಿಯ ಒಗ್ಗರಣೆ. ಮೊಸರನ್ನಕ್ಕೆ ಸಾಸಿವೆ ಇಂಗುಗಳ ಒಗ್ಗರಣೆ. ಕರಾವಳಿಯವರು ತೆಂಗಿನ ಎಣ್ಣೆಯನ್ನು ಬಳಸಿದರೆ, ಬಯಲುಸೀಮೆಯವರು ಕಡಲೆಕಾಯಿ ಎಣ್ಣೆಯನ್ನೂ ಕುಸುಬೆಯ ಎಣ್ಣೆಯನ್ನೂ ಬಳಸುತ್ತ ಬಂದಿದ್ದಾರೆ. ಸಾರು, ಹುಳಿ, ಚಟ್ನಿ, ತಂಬುಳಿಗಳಿಗೆ ಒಗ್ಗರಣೆ ಕೊನೆಯ ಕೆಲಸ. ಪಲ್ಯ, ಉಪ್ಪಿಟ್ಟು, ಚಿತ್ರಾನ್ನಗಳಿಗೆ ಅದೇ ಮೊದಲ ಕೆಲಸ.

ಇನ್ನು ಪದದ ಕಡೆಗೆ ಬರೋಣ. ‘ಒಗ್ಗರಣೆ’ ಎಂಬ ಒಂದೇ ಪದಕ್ಕೆ ನಾಲ್ಕು ಅರ್ಥಗಳುಂಟು. “ಒಗ್ಗರಣೆ ಮಾಡಲು ಕಲಿತಳು” ಎಂಬಲ್ಲಿ ಅದು ಒಂದು ಕ್ರಿಯೆ. “ಒಗ್ಗರಣೆ ಸೀದುಹೋಯಿತು” ಎಂಬಲ್ಲಿ ಅದು ಬಾಣಲೆಯಲ್ಲಿರುವ ಎಣ್ಣೆ ಮತ್ತು ಮಸಾಲೆ. “ಒಗ್ಗರಣೆಗೆ ತೆಗೆದಿಡು” ಎಂಬಲ್ಲಿ ಇನ್ನೂ ಬೆಂಕಿಯನ್ನು ಕಾಣದ ಸಾಸಿವೆ, ಮೆಣಸಿನಕಾಯಿ ಮೊದಲಾದ ಸಾಮಗ್ರಿ. ನಾಲ್ಕನೆಯದು ಇನ್ನೂ ಸ್ವಾರಸ್ಯಕರವಾದುದು. ಬಳ್ಳಾರಿ, ಕೊಪ್ಪಳ, ರಾಯಚೂರುಗಳ ಕಡೆ ‘ವಗ್ಗರಣಿ’ ಎಂದರೆ ಒಂದು ತಿಂಡಿಯ ಹೆಸರೇ ಆಗಿದೆ. ಮಂಡಕ್ಕಿಯನ್ನು ನೀರಿನಲ್ಲಿ ನೆನೆಸಿ, ಹಿಂಡಿ, ಒಗ್ಗರಣೆಯಲ್ಲಿ ಕಲಸಿದ ಆ ತಿಂಡಿಯನ್ನು ಮೆಣಸಿನಕಾಯಿ ಬಜ್ಜಿಯೊಂದಿಗೆ ಬೆಳಗಿನ ಹೊತ್ತು ತಿನ್ನುತ್ತಾರೆ. ಕ್ರಿಯೆಯ ಹೆಸರು ಪದಾರ್ಥದ ಹೆಸರಾಗಿ, ಪದಾರ್ಥದ ಹೆಸರು ಭಕ್ಷ್ಯದ ಹೆಸರಾದುದನ್ನು ಇಲ್ಲಿ ಕಾಣುತ್ತೇವೆ. ಇದನ್ನು ಅರ್ಥವಿಸ್ತಾರವೆಂದು ಭಾಷಾಶಾಸ್ತ್ರದಲ್ಲಿ ಹೇಳುತ್ತಾರೆ.

ಒಗ್ಗರಣೆಯನ್ನು ಅದರ ನೆರೆಹೊರೆಯ ಪದಗಳಿಂದ ಬೇರ್ಪಡಿಸಿ ನೋಡಿದರೆ ಅರ್ಥ ಇನ್ನೂ ಸ್ಪಷ್ಟವಾಗುತ್ತದೆ. ಎಣ್ಣೆಯಿಲ್ಲದೆ ಅಥವಾ ಸ್ವಲ್ಪ ಎಣ್ಣೆಯಲ್ಲಿ ಕಾಳನ್ನು ಕೈಯಾಡಿಸಿದರೆ ಅದು ಹುರಿಯುವುದು. ತುಂಬಿದ ಎಣ್ಣೆಯಲ್ಲಿ ಮುಳುಗಿಸಿ ಬೇಯಿಸಿದರೆ ಕರಿಯುವುದು. ಸೊಪ್ಪನ್ನು ಮೆತ್ತಗಾಗುವಷ್ಟು ಬಿಸಿ ಮಾಡಿದರೆ ಬಾಡಿಸುವುದು. ಇವೆಲ್ಲವುಗಳಲ್ಲಿ ಎಣ್ಣೆಯು ಪದಾರ್ಥವನ್ನು ಬೇಯಿಸುವ ಸಾಧನ. ಒಗ್ಗರಣೆಯಲ್ಲಿ ಹಾಗಲ್ಲ, ಪದಾರ್ಥವೇ ಎಣ್ಣೆಗೆ ರುಚಿಯನ್ನು ಕೊಡುವ ಸಾಧನ. ಇಲ್ಲಿ ಮುಖ್ಯವಾದುದು ಎಣ್ಣೆಯೇ ಹೊರತು ಸಾಸಿವೆಯಲ್ಲ. ಕರಿಬೇವನ್ನು ಎಲೆಯ ಬದಿಗೆ ಎತ್ತಿಡುವ ಮಕ್ಕಳು ಕೂಡ ಅದರ ಸತ್ವವನ್ನು ಆಗಲೇ ಉಂಡಿರುತ್ತಾರೆ!

ಮಸಾಲೆಯ ಎಣ್ಣೆ ಬೇರೆ ದೇಶಗಳಲ್ಲಿಯೂ ಉಂಟು. ಚೀನಾದ ಸಿಚುವಾನ್ ಪ್ರಾಂತದವರು ಮೆಣಸಿನಕಾಯಿಯ ತರಿಯ ಮೇಲೆ ಕಾದ ಎಣ್ಣೆಯನ್ನು ಸುರಿದು ಕೆಂಪು ಎಣ್ಣೆಯನ್ನು ಸಿದ್ಧಗೊಳಿಸುತ್ತಾರೆ. ಇಥಿಯೋಪಿಯಾದವರು ಬೆಣ್ಣೆಯನ್ನು ಮಸಾಲೆಗಳೊಡನೆ ಕಾಯಿಸಿ ಸೋಸಿ ಇಡುತ್ತಾರೆ. ನಮ್ಮ ನೆರೆಯ ಮಹಾರಾಷ್ಟ್ರದಲ್ಲಿ ಮಿಸಳ್ ಎಂಬ ತಿಂಡಿಯ ಮೇಲೆ ತೇಲುವ ಖಾರದ ಎಣ್ಣೆಗೆ ‘ತರ್ರಿ’ ಎಂಬ ಹೆಸರಿದೆ. ಆದರೆ ಚೀನಾದ ಎಣ್ಣೆಯನ್ನೂ ಇಥಿಯೋಪಿಯಾದ ಬೆಣ್ಣೆಯನ್ನೂ ಒಮ್ಮೆ ಮಾಡಿ ಬಹುದಿನ ಇಟ್ಟುಕೊಂಡು ಬಳಸುತ್ತಾರೆ. ನಮ್ಮ ಒಗ್ಗರಣೆಯಾದರೋ ಆಯಾ ಹೊತ್ತಿಗೆ, ಆಯಾ ಅಡಿಗೆಗೆಂದೇ ಹುಟ್ಟುವಂಥದು. ಬಾಣಲೆಯಿಂದ ಸಾರಿಗೆ ಬೀಳುವಾಗ ‘ಚೊಯ್’ ಎನ್ನದಿದ್ದರೆ ಅದು ಒಗ್ಗರಣೆಯಲ್ಲ, ಬರಿಯ ಎಣ್ಣೆ. ನಮ್ಮ ಅತಿಥಿಗೆ ನಿಘಂಟು ಹೇಳದೆ ಬಿಟ್ಟದ್ದು ಈ ಮಾತನ್ನೇ.

ಈ ಪದ ಎಲ್ಲಿಂದ ಬಂದಿತು? ಸಂಸ್ಕೃತದ ‘ವ್ಯಾಘಾರಣ’ ಎಂಬ ಪದದಿಂದ ಪ್ರಾಕೃತದ ಮೂಲಕ ಇದು ಬಂದಿದೆ ಎಂಬುದು ವಿದ್ವಾಂಸರ ಅಭಿಪ್ರಾಯ. ಯಜ್ಞಕರ್ಮದಲ್ಲಿ ತುಪ್ಪವನ್ನು ಅತ್ತಿತ್ತ ಸಿಂಪಡಿಸುವುದಕ್ಕೆ ವ್ಯಾಘಾರಣವೆಂದು ಹೆಸರು. ಅದರ ಮೂಲದಲ್ಲಿರುವ ‘ಘೃ’ ಧಾತುವಿಗೆ ಸುರಿಯುವುದು, ಹೊಳೆಯುವುದು ಎಂಬ ಅರ್ಥಗಳಿವೆ. ತುಪ್ಪಕ್ಕೆ ಸಂಸ್ಕೃತದಲ್ಲಿರುವ ‘ಘೃತ’ ಎಂಬ ಹೆಸರು ಕೂಡ ಇದೇ ಧಾತುವಿನಿಂದ ಹುಟ್ಟಿದುದು. ‘ವ್ಯಾಘ್ರ’ ಎಂಬುದು ಪ್ರಾಕೃತದಲ್ಲಿ ‘ವಗ್ಘ’ ಎಂದಾಗಿ ಹಿಂದಿಯಲ್ಲಿ ‘ಬಾಘ್’ ಆದಂತೆ, ‘ವ್ಯಾಘಾರ’ ಎಂಬುದು ಹಿಂದಿಯಲ್ಲಿ ‘ಬಘಾರ್’ ಎಂದೂ ಗುಜರಾತಿಯಲ್ಲಿ ‘ವಘಾರ್’ ಎಂದೂ ಆಯಿತು. ಕನ್ನಡಕ್ಕೆ ಬರುವಾಗ ಮಹಾಪ್ರಾಣ ಕಳೆದುಹೋಯಿತು. ಘಟಿಕೆ ಗಳಿಗೆಯಾದಂತೆ ‘ಘ’ಕಾರ ‘ಗ’ಕಾರವಾಯಿತು. ಮೊದಲ ‘ವ’ಕಾರ ‘ಒ’ಕಾರವಾಯಿತು. ‘ವನಕೆ’, ‘ಒನಕೆ’ ಎಂದು ಎರಡು ಬಗೆಯಾಗಿ ನುಡಿಯುವಂತೆ ‘ವಗ್ಗರಣೆ’, ‘ಒಗ್ಗರಣೆ’ ಎಂಬ ಎರಡು ರೂಪಗಳೂ ಉಳಿದಿವೆ. ಯಜ್ಞವೇದಿಕೆಯ ಪದ ಅಡಿಗೆಯ ಒಲೆಯ ಬಳಿಗೆ ಬಂದುದು ವಿಚಿತ್ರವೇನಲ್ಲ. ಎರಡು ಕಡೆಗಳಲ್ಲಿಯೂ ಬೆಂಕಿ ಉಂಟು, ತುಪ್ಪ ಉಂಟು, ಸುರಿಯುವ ಕೈ ಉಂಟು.

ಸೋದರಭಾಷೆಗಳಲ್ಲಿ ಬೇರೆ ಹೆಸರುಗಳಿವೆ. ತಮಿಳಿನಲ್ಲಿ ‘ತಾಳಿಪ್ಪು’, ತೆಲುಗಿನಲ್ಲಿ ‘ತಾಲಿಂಪು’, ‘ಪೋಪು’, ‘ತಿರಗಮೋತ’ ಎಂದು ಮೂರು ಹೆಸರುಗಳು. ಮಲೆಯಾಳಿಗಳು ‘ತಾಳಿಕ್ಕುಕ’ ಎನ್ನುವುದಲ್ಲದೆ ಸಾಸಿವೆಯನ್ನೇ ಮುಂದುಮಾಡಿ ‘ಕಡುಕು ವರುಕ್ಕುಕ’, ಎಂದರೆ ಸಾಸಿವೆ ಹುರಿಯುವುದು, ಎಂದೂ ಹೇಳುತ್ತಾರೆ. ಮರಾಠಿಯಲ್ಲಿ ‘ಫೋಡಣಿ’, ಬಂಗಾಳಿಯಲ್ಲಿ ‘ಫೋಡನ್’, ಪಂಜಾಬಿನಲ್ಲಿ ‘ತಡ್ಕಾ’. ಹೈದರಾಬಾದಿನ ‘ಬಘಾರೆ ಬೈಂಗನ್’ ಎಂಬ ಬದನೆಕಾಯಿಯ ಅಡಿಗೆಯ ಹೆಸರಿನಲ್ಲಿ ನಮ್ಮ ಒಗ್ಗರಣೆಯ ನೆಂಟನೊಬ್ಬನನ್ನು ಕಾಣಬಹುದು. ಇಂದು ಹೋಟೆಲುಗಳ ತಿಂಡಿಪಟ್ಟಿಯಲ್ಲಿ ‘ತಡ್ಕಾ’ ಎಂಬ ಪದ ಹೆಚ್ಚಾಗಿ ಕಾಣುತ್ತದೆ. ಆ ಪದದಲ್ಲಿ ದೋಷವೇನೂ ಇಲ್ಲ. ಆದರೆ ಅದನ್ನು ಕೇಳಿದವರು ಒಗ್ಗರಣೆಯನ್ನು ಹಳ್ಳಿಯ ಪದವೆಂದು ಬಿಟ್ಟುಬಿಟ್ಟರೆ, ನಷ್ಟವಾಗುವುದು ಒಂದು ಪದ ಮಾತ್ರವಲ್ಲ. ಅದರೊಡನೆ ಬೆಳೆದ ಹದ, ಘಾಟು, ಕಮಟು ಮೊದಲಾದ ಸೂಕ್ಷ್ಮ ಭೇದಗಳ ಒಂದು ಕುಟುಂಬವೇ ಮರೆಯಾಗುತ್ತದೆ.

ಕನ್ನಡದಲ್ಲಿ ಅಡಿಗೆಯ ವಿಚಾರವಾಗಿ ಗ್ರಂಥರಚನೆ ಹಳೆಯದು. ಕ್ರಿ.ಶ. 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಪಾಕವಿಚಾರಕ್ಕೂ ಸ್ಥಾನವಿದೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಪಾಕಗ್ರಂಥವನ್ನು ಪದ್ಯರೂಪದಲ್ಲಿಯೇ ಬರೆದನು. ಇವರ ಕಾಲದ ಅಡಿಗೆಯಲ್ಲಿ ತುಪ್ಪವಿತ್ತು, ಇಂಗಿತ್ತು, ಮೆಣಸಿತ್ತು. ಆದರೆ ಮೆಣಸಿನಕಾಯಿ ಇರಲಿಲ್ಲ. ಮೆಣಸಿನಕಾಯಿಯ ತವರು ಅಮೆರಿಕ ಖಂಡ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಯನ್ನು ತಲಪಿದ ಅನಂತರ ಪೋರ್ಚುಗೀಸರ ವ್ಯಾಪಾರದ ಮೂಲಕ ಅದು ನಮ್ಮಲ್ಲಿಗೆ ಬಂದಿತು. ಹೊಸ ಕಾಯಿಗೆ ಹೆಸರಿರಲಿಲ್ಲ. ಮೆಣಸಿನಂತೆಯೇ ಖಾರವಾಗಿದ್ದುದರಿಂದ ಕನ್ನಡಿಗರು ಅದನ್ನು ‘ಮೆಣಸಿನ ಕಾಯಿ’ ಎಂದು ಕರೆದರು. ಇಂದು ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರಿನ ಮೆಣಸಿನಕಾಯಿ ತನ್ನ ಗಾಢವಾದ ಕೆಂಪು ಬಣ್ಣಕ್ಕೂ ಮಿತವಾದ ಖಾರಕ್ಕೂ ಪ್ರಸಿದ್ಧವಾಗಿದ್ದು, 2011ರಲ್ಲಿ ಭೌಗೋಳಿಕ ಗುರುತನ್ನು ಪಡೆದಿದೆ. ಒಗ್ಗರಣೆಯ ಇನ್ನೊಂದು ವಸ್ತುವಾದ ಇಂಗು ಕೂಡ ದೂರದ್ದೇ. ಇರಾನ್, ಆಫ್ಘಾನಿಸ್ತಾನಗಳ ಒಣನೆಲದಲ್ಲಿ ಬೆಳೆಯುವ ಗಿಡವೊಂದರ ಬೇರಿನಿಂದ ಒಸರುವ ಅಂಟು ಅದು. ಶತಮಾನಗಳಿಂದ ತಿನ್ನುತ್ತಿದ್ದರೂ ನಾವು ಅದನ್ನು ಬೆಳೆಯುತ್ತಿರಲಿಲ್ಲ. 2020ರ ಅಕ್ಟೋಬರಿನಲ್ಲಿ ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಲ್ಲಿ ವಿಜ್ಞಾನಿಗಳು ಇಂಗಿನ ಸಸಿಯನ್ನು ನೆಟ್ಟು ಅದರ ಕೃಷಿಗೆ ತೊಡಗಿದರು. ಹೀಗೆ ಒಂದು ಸೌಟಿನ ಎಣ್ಣೆಯಲ್ಲಿ ಮೂರು ಖಂಡಗಳ ಕಥೆ ಕುದಿಯುತ್ತದೆ.

ಒಗ್ಗರಣೆಯ ಹಿಂದೆ ವಿಜ್ಞಾನವೂ ಉಂಟು. ನೀರು ಸಾಮಾನ್ಯವಾಗಿ 100 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕುದಿಯುತ್ತದೆ. ಎಷ್ಟೇ ಉರಿ ಹಾಕಿದರೂ ತೆರೆದ ಪಾತ್ರೆಯ ನೀರು ಅದಕ್ಕಿಂತ ಹೆಚ್ಚು ಬಿಸಿಯಾಗದು. ಎಣ್ಣೆಯಾದರೋ ಅದಕ್ಕಿಂತ ಬಹಳ ಹೆಚ್ಚು ಕಾಯಬಲ್ಲುದು. ಸಾಸಿವೆಯ ಕಾಳಿನೊಳಗಿನ ತೇವವು ಆ ಬಿಸಿಗೆ ಒಮ್ಮೆಲೆ ಆವಿಯಾಗಿ, ಹಿಗ್ಗಿ, ಸಿಪ್ಪೆಯನ್ನು ಒಡೆಯುತ್ತದೆ. ನಾವು ಕೇಳುವ ಚಟಪಟ ಸದ್ದು ಅದೇ. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಎಂಬ ವಸ್ತು ನೀರಿನಲ್ಲಿ ಕರಗುವುದೇ ಇಲ್ಲವೆನ್ನಬಹುದು. ಕೊಬ್ಬಿನಲ್ಲಿ ಸುಲಭವಾಗಿ ಕರಗುತ್ತದೆ. ಕೆಂಪು ಬಣ್ಣವೂ ಹಾಗೆಯೇ. ಪರಿಮಳದ ಅನೇಕ ದ್ರವ್ಯಗಳ ಸ್ವಭಾವವೂ ಇದೇ. ಆದುದರಿಂದ ಎಣ್ಣೆಯು ಮಸಾಲೆಯ ಸತ್ವವನ್ನು ತನ್ನಲ್ಲಿ ಸೆಳೆದುಕೊಂಡು ಇಡೀ ಪಾತ್ರೆಗೆ ಹಂಚುತ್ತದೆ.

ಸಾಸಿವೆಯ ವರ್ತನೆ ಇನ್ನೂ ಆಶ್ಚರ್ಯಕರವಾದುದು. ಹಸಿ ಸಾಸಿವೆಯನ್ನು ನೀರು ಹಾಕಿ ಅರೆದರೆ ಮೂಗಿಗೆ ಏರುವ ಘಾಟು ಹುಟ್ಟುತ್ತದೆ. ಕಾಳಿನಲ್ಲಿ ಬೇರೆ ಬೇರೆಯಾಗಿದ್ದ ಒಂದು ಕಿಣ್ವ ಮತ್ತು ಒಂದು ರಾಸಾಯನಿಕ ವಸ್ತು ಅರೆಯುವಾಗ ಒಂದನ್ನೊಂದು ಕೂಡುವುದೇ ಇದಕ್ಕೆ ಕಾರಣ. ಕಾದ ಎಣ್ಣೆಗೆ ಬಿದ್ದ ಸಾಸಿವೆಯಲ್ಲಿ ಆ ಕಿಣ್ವ ಶಾಖದಿಂದ ನಾಶವಾಗುತ್ತದೆ. ಆದುದರಿಂದಲೇ ಸಿಡಿದ ಸಾಸಿವೆಗೆ ಘಾಟಿಲ್ಲ. ಹುರಿದ ಬೀಜದ ಕಂಪು ಮಾತ್ರ ಇರುತ್ತದೆ. ಮೊದಲು ಸಾಸಿವೆ, ಆಮೇಲೆ ಮೆಣಸಿನಕಾಯಿ ಎಂಬ ಕ್ರಮಕ್ಕೂ ಅರ್ಥವಿದೆ. ಸಾಸಿವೆಗೆ ಹೆಚ್ಚು ಶಾಖ ಬೇಕು. ಅಷ್ಟೇ ಹೊತ್ತು ಮೆಣಸಿನಕಾಯಿ ಎಣ್ಣೆಯಲ್ಲಿದ್ದರೆ ಕಪ್ಪಾಗಿ ಕಹಿಯಾಗುತ್ತದೆ. ಈ ಕಾರಣಗಳನ್ನು ಪ್ರಯೋಗಶಾಲೆ ವಿವರಿಸುವ ಮೊದಲೇ ನಮ್ಮ ಅಜ್ಜಿಯರು ಕ್ರಮವನ್ನು ಕಂಡುಕೊಂಡಿದ್ದರು. ಅವರಲ್ಲಿ ಅನೇಕರಿಗೆ ಅಕ್ಷರ ಬರುತ್ತಿರಲಿಲ್ಲ. ಅವರು ತಮ್ಮ ಅರಿವನ್ನು ಪುಸ್ತಕದಲ್ಲಿ ಬರೆದಿಡಲಿಲ್ಲ. ಹೆಣ್ಣುಮಕ್ಕಳ ಕೈಗೆ ಸೌಟನ್ನು ಕೊಟ್ಟು, “ಈಗ ಹಾಕು” ಎಂದು ಹೇಳಿ ಕಲಿಸಿದರು. ಬರೆಯದ ವಿದ್ಯೆಯನ್ನು ವಿದ್ಯೆಯೆಂದೇ ಲೆಕ್ಕಿಸದಿರುವುದು ನಮ್ಮಲ್ಲಿ ಹಳೆಯದಾಗಿ ಬಂದಿರುವ ತಪ್ಪು. ಅಡಿಗೆಮನೆಯ ಹೊರಗೆ ಕುಳಿತು ಉಂಡವರು ರುಚಿಯನ್ನು ಹೊಗಳಿದರೇ ಹೊರತು, ಆ ಅರಿವನ್ನು ತಾವೂ ಕಲಿಯಬೇಕೆಂದು ಯೋಚಿಸಲಿಲ್ಲ.

ಒಗ್ಗರಣೆಗೆ ಇನ್ನೊಂದು ಹಿರಿಮೆಯಿದೆ. ಅದು ಬಡವರ ಬಂಧು. “ಇಂಗು ತೆಂಗು ಇದ್ದರೆ ಮಂಗನೂ ಅಡಿಗೆ ಮಾಡೀತು” ಎಂಬ ಗಾದೆಯಿದೆ. ಆದರೆ ಇಂಗೂ ಇಲ್ಲದ, ತೆಂಗೂ ಇಲ್ಲದ ಮನೆಗಳೇ ಹಿಂದೆ ಹೆಚ್ಚಾಗಿದ್ದವು. ನೀರಾದ ಬೇಳೆಯ ಕಟ್ಟು, ಹೊಲದ ಬದುವಿನ ಸೊಪ್ಪು, ಒಂದು ಮುದ್ದೆ, ಇಷ್ಟರಲ್ಲಿಯೇ ಊಟ ಮುಗಿಯಬೇಕಾಗಿತ್ತು. ಆ ಮನೆಯ ತಾಯಿ ಒಂದೇ ಚಮಚ ಎಣ್ಣೆಯಲ್ಲಿ ನಾಲ್ಕು ಕಾಳು ಸಾಸಿವೆಯನ್ನೂ ಒಂದು ಎಸಳು ಬೆಳ್ಳುಳ್ಳಿಯನ್ನೂ ಹಾಕಿ ಸಾರಿಗೆ ಸುರಿದರೆ, ಆರು ಜನರ ಊಟಕ್ಕೆ ರುಚಿ ಬರುತ್ತಿತ್ತು. ಎಣ್ಣೆಯನ್ನು ಧಾರಾಳವಾಗಿ ಸುರಿಯಲಾರದವರೇ ಅದನ್ನು ಹೆಚ್ಚು ಜಾಣತನದಿಂದ ಬಳಸಿದರು. ಇದ್ದ ಅಲ್ಪವನ್ನು ಎಲ್ಲರಿಗೂ ಸಮನಾಗಿ ಮುಟ್ಟಿಸುವುದೇ ಒಗ್ಗರಣೆಯ ಗುಟ್ಟು.

ಅಡಿಗೆಮನೆಯಿಂದ ಹೊರಟ ಈ ಪದ ಊರಿನ ಮಾತಿಗೂ ಬಂದಿತು. “ಅವನ ಮಾತಿಗೆ ಒಗ್ಗರಣೆ ಹೆಚ್ಚು” ಎಂದರೆ ಅವನು ಇದ್ದುದನ್ನು ಇದ್ದಂತೆ ಹೇಳುವವನಲ್ಲ ಎಂದರ್ಥ. ಒಬ್ಬ ಹುಡುಗ ಶಾಲೆಯ ಅಂಗಳದಲ್ಲಿ ಎಡವಿ ಬಿದ್ದು ಮೊಣಕಾಲು ತರಚಿಕೊಂಡನೆಂದು ಇಟ್ಟುಕೊಳ್ಳಿ. ಮೊದಲನೆಯವನು ರಕ್ತ ಸುರಿಯಿತೆಂದು ಹೇಳುತ್ತಾನೆ. ಎರಡನೆಯವನು ಕಾಲು ಮುರಿಯಿತೆನ್ನುತ್ತಾನೆ. ಮೂರನೆಯವನು ಯಾರೋ ತಳ್ಳಿರಬೇಕೆನ್ನುತ್ತಾನೆ. ನಾಲ್ಕನೆಯವನು ತಳ್ಳಿದವನ ಹೆಸರನ್ನೂ ಹೇಳುತ್ತಾನೆ! ಸಂಜೆಯ ವೇಳೆಗೆ ಏನನ್ನೂ ಮಾಡದ ಒಬ್ಬ ಹುಡುಗನ ಮನೆಯ ಬಾಗಿಲಲ್ಲಿ ಜನ ನಿಂತಿರುತ್ತಾರೆ. ಪ್ರತಿಯೊಬ್ಬನೂ ಸುರಿದದ್ದು ಒಂದೊಂದು ಸೌಟು ಒಗ್ಗರಣೆ ಮಾತ್ರ. ಆದರೆ ಅದರ ಫಲವನ್ನು ಉಣ್ಣಬೇಕಾದವನು ನಿರಪರಾಧಿ. ಸುದ್ದಿ ಕ್ಷಣಮಾತ್ರದಲ್ಲಿ ದೇಶವನ್ನೆಲ್ಲ ಸುತ್ತುವ ಇಂದಿನ ಕಾಲದಲ್ಲಿ “ಒಗ್ಗರಣೆ ಹಾಕದೆ ಹೇಳು” ಎಂಬ ಹಿರಿಯರ ಮಾತಿಗೆ ಹಿಂದೆಂದಿಗಿಂತಲೂ ಹೆಚ್ಚಿನ ಬೆಲೆಯಿದೆ.

ಹಾಗಾದರೆ ಅಡಿಗೆಯಲ್ಲಿ ಗುಣವಾದುದು ಮಾತಿನಲ್ಲಿ ದೋಷವಾದುದೇಕೆ? ಒಳ್ಳೆಯ ಒಗ್ಗರಣೆಯು ಸಾರಿನಲ್ಲಿ ಇಲ್ಲದುದನ್ನು ಇದೆಯೆಂದು ನಂಬಿಸುವುದಿಲ್ಲ. ಇರುವ ರುಚಿಯನ್ನು ಎತ್ತಿ ತೋರಿಸುತ್ತದೆ. ಹಳಸಿದುದನ್ನು ಮುಚ್ಚಲು ಹಾಕಿದ ಒಗ್ಗರಣೆಯನ್ನು ಅಡಿಗೆಯಲ್ಲಿಯೂ ಯಾರೂ ಮೆಚ್ಚುವುದಿಲ್ಲ. ಮಾತಿಗೂ ಇದೇ ನಿಯಮ. ಸತ್ಯವನ್ನು ಸೊಗಸಾಗಿ ಹೇಳುವುದು ಕಲೆ. ಸುಳ್ಳನ್ನು ಸೊಗಸಿನಿಂದ ಮುಚ್ಚುವುದು ವಂಚನೆ.

ಈಗ ನಮ್ಮ ಅತಿಥಿಯ ಪ್ರಶ್ನೆಗೆ ಉತ್ತರ ಕೊಡಬಹುದು. ಒಗ್ಗರಣೆಯೆಂದರೆ ಮಸಾಲೆಯ ಸತ್ವವನ್ನು ಹೀರಿಕೊಂಡ ಬಿಸಿ ಎಣ್ಣೆ ಹೌದು. ಹದವನ್ನರಿತು ಅದನ್ನು ಸುರಿಯುವ ಕ್ರಿಯೆಯೂ ಹೌದು. ಅಲ್ಪವನ್ನು ಎಲ್ಲರಿಗೂ ಹಂಚುವ ಜಾಣ್ಮೆಯೂ ಹೌದು. ಆದರೆ ಇಷ್ಟನ್ನೆಲ್ಲ ಹೇಳುವುದಕ್ಕಿಂತ ಅತಿಥಿಯನ್ನು ಒಲೆಯ ಬಳಿಗೆ ಕರೆದು, ಸೌಟನ್ನು ಕೈಗೆ ಕೊಟ್ಟು, “ಈಗ ಹಾಕಿ” ಎನ್ನುವುದೇ ಲೇಸು.

ಶಬ್ದಾರ್ಥ

ಸತ್ವ – ಸಾರ, ತಿರುಳು
ಘಾಟು – ಮೂಗಿಗೆ ಏರುವ ತೀಕ್ಷ್ಣವಾದ ವಾಸನೆ
ಕಮಟು – ಹಳತಾದ ಎಣ್ಣೆಯ ಕೆಟ್ಟ ವಾಸನೆ
ಸೂಪಶಾಸ್ತ್ರ – ಅಡಿಗೆಯ ಶಾಸ್ತ್ರ
ಕಿಣ್ವ – ಜೀವಕೋಶಗಳಲ್ಲಿ ಹುಟ್ಟಿ ರಾಸಾಯನಿಕ ಬದಲಾವಣೆಯನ್ನು ತ್ವರಿತಗೊಳಿಸುವ ವಸ್ತು
ನಿರಪರಾಧಿ – ತಪ್ಪು ಮಾಡದವನು

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ‘ಘೃ’ ಧಾತುವಿನ ಅರ್ಥಗಳಾವುವು?
2. ಮೂರನೆಯ ಮಂಗರಸನು ರಚಿಸಿದ ಪಾಕಗ್ರಂಥ ಯಾವುದು?
3. ಮೆಣಸಿನಕಾಯಿಗೆ ಆ ಹೆಸರು ಹೇಗೆ ಬಂದಿತು?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ‘ಒಗ್ಗರಣೆ’ ಎಂಬ ಪದದ ನಾಲ್ಕು ಅರ್ಥಗಳನ್ನು ಉದಾಹರಣೆಯೊಡನೆ ವಿವರಿಸಿರಿ.
2. ಅರೆದ ಸಾಸಿವೆಗೂ ಸಿಡಿದ ಸಾಸಿವೆಗೂ ಇರುವ ವ್ಯತ್ಯಾಸಕ್ಕೆ ಕಾರಣವೇನು?
3. ಒಗ್ಗರಣೆಯನ್ನು ‘ಬಡವರ ಬಂಧು’ ಎಂದು ಲೇಖಕರು ಕರೆದಿರುವುದೇಕೆ?

ಇ) ಭಾಷಾಭ್ಯಾಸ
1. ಚಟಪಟ, ಚೊಯ್: ಇವು ಅನುಕರಣಾವ್ಯಯಗಳು. ಇಂತಹ ಇನ್ನೂ ಐದು ಪದಗಳನ್ನು ಬರೆಯಿರಿ.
2. ಹುರಿ, ಕರಿ, ಬಾಡಿಸು, ಒಗ್ಗರಿಸು: ಈ ಕ್ರಿಯಾಪದಗಳನ್ನು ಸ್ವಂತ ವಾಕ್ಯಗಳಲ್ಲಿ ಪ್ರಯೋಗಿಸಿರಿ.
3. ನಿಮ್ಮ ಮನೆಯ ಹಿರಿಯರನ್ನು ಕೇಳಿ, ಅಡಿಗೆಗೆ ಸಂಬಂಧಿಸಿದ ಹತ್ತು ಪದಗಳನ್ನು ಅರ್ಥಸಹಿತ ಸಂಗ್ರಹಿಸಿರಿ.